ನಂದಿಸಬೇಕಾದ ಎದುರಾಳಿ: ರೋಲ್‌ಪ್ಲೇ ಆಟಗಳಲ್ಲಿ ಅಗ್ನಿಭೂತ

ಸಭಿಕರೇ,

ರೋಲ್‌ಪ್ಲೇ ಎಂದರೆ ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಎಸೆದು ಕಥೆ ಕಟ್ಟುವ ಆಟ. ಅದರ ಪುಸ್ತಕಗಳಲ್ಲಿ ಫೈರ್ ಎಲಿಮೆಂಟಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಜೀವಿಯನ್ನು ಈ ಮಾತಿನುದ್ದಕ್ಕೂ ನಾನು ಅಗ್ನಿಭೂತ ಎಂದೇ ಕರೆಯುತ್ತೇನೆ. ಅನುವಾದದ ಹಟಕ್ಕೆ ಬಿದ್ದು ಹುಡುಕಿದ ಪದವಲ್ಲ ಇದು. ಕನ್ನಡದಲ್ಲಿ ಮೊದಲೇ ಸಿದ್ಧವಾಗಿ ಕಾದಿತ್ತು. ಪಂಚಭೂತ ಎಂದಾಗ ಭೂತವೆಂದರೆ ಮೂಲವಸ್ತು, ಭೂತ ಹಿಡಿದಿದೆ ಎಂದಾಗ ಅದೇ ಪದ ದೇಹವಿಲ್ಲದ, ಆದರೆ ತನ್ನದೇ ಇಚ್ಛೆಯುಳ್ಳ ಒಂದು ಇರವು. ಮೂಲವಸ್ತುವಿಗೆ ಇಚ್ಛೆ ಹುಟ್ಟಿದರೆ ಏನಾದೀತು ಎಂಬ ಕಲ್ಪನೆಯಿಂದ ಬಂದ ಜೀವಿಗೆ, ಈ ಎರಡು ಅರ್ಥಗಳನ್ನೂ ಒಟ್ಟಿಗೆ ಹೊತ್ತ ಪದಕ್ಕಿಂತ ಒಳ್ಳೆಯ ಹೆಸರು ನನಗೆ ತೋಚಲಿಲ್ಲ.

ನಮ್ಮ ಭಾಷೆ ಹೇಳಿಕೊಡುವ ಇನ್ನೊಂದು ಸಂಗತಿಯೂ ಇದೆ. ಕನ್ನಡದಲ್ಲಿ ಬೆಂಕಿ ಆರುತ್ತದೆ, ನಂದುತ್ತದೆ. ಬೆಂಕಿಯನ್ನು ಕೊಂದೆವು ಎಂದು ಯಾರೂ ಹೇಳುವುದಿಲ್ಲ. ಆದರೆ ಆಟದ ಮೇಜಿನ ಸುತ್ತ ಕುಳಿತವರು ಅಗ್ನಿಭೂತವನ್ನು ಕೊಲ್ಲುತ್ತಲೇ ಬಂದಿದ್ದಾರೆ: ಕತ್ತಿಯಿಂದ ಕಡಿದು, ಬಾಣದಿಂದ ಚುಚ್ಚಿ, ಅದರ ಹಿಟ್ ಪಾಯಿಂಟುಗಳನ್ನು, ಅಂದರೆ ಜೀವಬಲದ ಅಂಕಗಳನ್ನು, ಸೊನ್ನೆಗಿಳಿಸಿ. ನನ್ನ ತಕರಾರು ಇರುವುದು ಇಲ್ಲಿಯೇ. ಈ ಜೀವಿಯ ಕುರಿತು ನಿಯಮಪುಸ್ತಕ ಬರೆದಿರುವ ಸಾಲುಗಳನ್ನು ನಿಧಾನವಾಗಿ ಓದಿದರೆ, ಅದು ಒಬ್ಬ ಹೋರಾಟಗಾರನಂತಿರದೆ, ಒಂದು ಸ್ಥಳದಲ್ಲಿ ಸಂಭವಿಸುವ ಅವಘಡದಂತೆ ಕಾಣುತ್ತದೆ. ಹಾಗೆ ಓದಿದಾಗ ಆಟವೇ ಬೇರೆಯಾಗುತ್ತದೆ ಎಂದು ತೋರಿಸುವುದು ಈ ಉಪನ್ಯಾಸದ ಉದ್ದೇಶ. ಮಾತಿನ ಓಘದಲ್ಲಿ ಬಿಟ್ಟುಹೋಗಿದ್ದ ಕೆಲವು ಲೆಕ್ಕಗಳನ್ನು ಬರೆಯುವಾಗ ಸೇರಿಸಿದ್ದೇನೆ.

ಈ ತಿಳಿವಳಿಕೆ ನನಗೆ ಬಂದದ್ದು ಸೋಲಿನಿಂದ. ಆಟ ನಡೆಸುವ, ಎಂದರೆ ಕಥೆಯ ಸನ್ನಿವೇಶವನ್ನು ಕಟ್ಟಿ ಎದುರಾಳಿಗಳನ್ನು ಆಡಿಸುವ ಹೊಣೆ ಹೊತ್ತ ಮೊದಲ ದಿನಗಳಲ್ಲಿ, ಉದ್ದನೆಯ ಒಂದು ಕಲ್ಲಿನ ಸುರಂಗದ ಕೊನೆಯಲ್ಲಿ ನಾನೊಂದು ಅಗ್ನಿಭೂತವನ್ನು ನಿಲ್ಲಿಸಿದೆ. ಅದು ಎರಡು ತೋಳು ಬೀಸಿತು, ಆಟಗಾರರು ದಾಳ ಎಸೆದರು, ಎಲ್ಲರಿಗೂ ಒಂದೊಂದು ಸರದಿ ಬರುವ ನಾಲ್ಕು ಸುತ್ತುಗಳಲ್ಲಿ ಎಲ್ಲವೂ ಮುಗಿಯಿತು. ಆಟ ಮುಗಿದ ಮೇಲೆ ಒಬ್ಬ ಆಟಗಾರ, 'ಆ ಕೆಂಪು ದೈತ್ಯನ ಹೆಸರೇನು?' ಎಂದು ಕೇಳಿದ. ಬೆಂಕಿ ಎಂಬುದೇ ಅವನ ನೆನಪಿನಲ್ಲಿ ಉಳಿದಿರಲಿಲ್ಲ. ಸುತ್ತ ಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ ಬೆಂಕಿಯನ್ನು ನಿಲ್ಲಿಸಿದವನು ನಾನು, ತಪ್ಪು ಅವನದಾಗಿರಲಿಲ್ಲ.

ಮೊದಲು ಈ ಜೀವಿಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕು ಬೇರುಗಳಿಂದ ಜಗತ್ತು ಆಗಿದೆ ಎಂದು ಕ್ರಿಸ್ತಪೂರ್ವ 5ನೆಯ ಶತಮಾನದಲ್ಲಿ ಸಿಸಿಲಿಯ ಎಂಪೆಡೊಕ್ಲಿಸ್ ಹೇಳಿದ. ಆಟಗಳು ಹಿಡಿದದ್ದು ಈ ನಾಲ್ಕರ ಲೆಕ್ಕವನ್ನು. ಹಾಗಾಗಿಯೇ ನಮ್ಮ ಐದನೆಯ ಭೂತವಾದ ಆಕಾಶಕ್ಕೆ ಅಲ್ಲಿ ಸಾಲಿನಲ್ಲಿ ಜಾಗವಿಲ್ಲ. ಅನಂತರ ಪ್ಲೇಟೋ ತನ್ನ ಟಿಮೇಯಸ್ ಸಂವಾದದಲ್ಲಿ ಪ್ರತಿಯೊಂದು ಮೂಲವಸ್ತುವಿಗೂ ಒಂದು ಘನಾಕೃತಿಯನ್ನು ಹಂಚಿದ. ಮಣ್ಣಿಗೆ ಆರು ಮುಖಗಳ ಘನ, ಗಾಳಿಗೆ ಎಂಟು ಮುಖ, ನೀರಿಗೆ ಇಪ್ಪತ್ತು ಮುಖ. ಬೆಂಕಿಗೆ ಅವನು ಕೊಟ್ಟದ್ದು ನಾಲ್ಕೇ ಮುಖಗಳ ಚೂಪಾದ ಆಕೃತಿ, ಏಕೆಂದರೆ ಎಲ್ಲಕ್ಕಿಂತ ಹರಿತವಾದದ್ದೂ ಚಂಚಲವಾದದ್ದೂ ಅದೇ. ನಿಮ್ಮ ದಾಳದ ಚೀಲವನ್ನು ಮೇಜಿನ ಮೇಲೆ ಸುರಿದರೆ ಇವೆಲ್ಲವೂ ಅಲ್ಲಿ ಸಿಗುತ್ತವೆ. ಕತ್ತಲೆಯಲ್ಲಿ ಬರಿಗಾಲಿನಿಂದ ನಾಲ್ಕು ಮುಖದ ದಾಳವನ್ನು ತುಳಿದವರು ಪ್ಲೇಟೋನ ಮಾತನ್ನು ಅಲ್ಲಗಳೆಯಲಾರರು. ತಮಾಷೆಯೆಂದರೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟದ 2014ರ ನಿಯಮಗಳಲ್ಲಿ ಅಗ್ನಿಭೂತದ ಉರಿಗೆ ಎಸೆಯುವುದು ಹತ್ತು ಮುಖದ ದಾಳವನ್ನು; ಪ್ಲೇಟೋನ ಐದು ಆಕೃತಿಗಳಲ್ಲಿ ಸೇರದೆ ಹೊರಗುಳಿದ ದಾಳ ಅದೊಂದೇ.

ಮೂಲವಸ್ತುವಿಗೆ ಜೀವ ತುಂಬುವಲ್ಲಿ ದೊಡ್ಡ ಪಾತ್ರ ಪ್ಯಾರಾಸೆಲ್ಸಸ್‌ನದು. 1493ರಿಂದ 1541ರವರೆಗೆ ಬದುಕಿದ್ದ ಈ ವೈದ್ಯನ ಒಂದು ಕಿರುಗ್ರಂಥ ಅವನ ಮರಣಾನಂತರ, 1566ರಲ್ಲಿ ಪ್ರಕಟವಾಯಿತು. ನೀರಿನಲ್ಲಿ, ಗಾಳಿಯಲ್ಲಿ, ನೆಲದೊಳಗೆ, ಬೆಂಕಿಯಲ್ಲಿ ವಾಸಿಸುವ ನಾಲ್ಕು ಬಗೆಯ ಜೀವಿಗಳನ್ನು ಅದು ವರ್ಣಿಸುತ್ತದೆ. ಅವು ಮನುಷ್ಯರಂತೆ ಕಂಡರೂ ಆತ್ಮವಿಲ್ಲದವು. ಮೀನಿಗೆ ನೀರು ಹೇಗೋ ಹಾಗೆ ತಮ್ಮ ತಮ್ಮ ಮೂಲವಸ್ತುವಿನಲ್ಲಿ ಸಲೀಸಾಗಿ ಓಡಾಡುವಂಥವು. ಬೆಂಕಿಯವಕ್ಕೆ ಅವನು ಸಾಲಮಾಂಡರ್ ಎಂಬ ಹೆಸರು ಹಿಡಿದ. ಆ ಹೆಸರಿನ ನಿಜವಾದ ಪ್ರಾಣಿ ತೇವದಲ್ಲಿ ಬಾಳುವ ಒಂದು ಉಭಯಚರ. ಅದರ ಮೈ ಎಷ್ಟು ತಣ್ಣಗೆಂದರೆ ಮುಟ್ಟಿದರೆ ಬೆಂಕಿ ಆರಿಹೋಗುತ್ತದೆ ಎಂದು ರೋಮಿನ ಪ್ಲಿನಿ ಬರೆದಿದ್ದ. ಬೆಂಕಿಯನ್ನು ಆರಿಸುವ ಪ್ರಾಣಿಯ ಹೆಸರೇ ಕಾಲಕ್ರಮದಲ್ಲಿ ಬೆಂಕಿಯ ಜೀವಿಯ ಹೆಸರಾದದ್ದು ಪದಗಳ ಚರಿತ್ರೆಯ ಒಂದು ಕುಚೋದ್ಯ. ಆಟಗಳು ಇದನ್ನು ಎರಡು ರೀತಿಯಲ್ಲಿ ಬಳಸಿಕೊಂಡವು: 1978ರ ರೂನ್‌ಕ್ವೆಸ್ಟ್ ಬೆಂಕಿಯ ಭೂತವನ್ನೇ ಸಾಲಮಾಂಡರ್ ಎಂದು ಕರೆದರೆ, ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆ ಹೆಸರನ್ನು ಸೊಂಟದಿಂದ ಕೆಳಗೆ ಹಾವಿನ ಮೈಯುಳ್ಳ, ಈಟಿ ಹಿಡಿದ ಬೇರೆಯೇ ಒಂದು ಜೀವಿಗೆ ಕೊಟ್ಟು, ಆಕಾರವಿಲ್ಲದ ಶುದ್ಧ ಬೆಂಕಿಯನ್ನು ಪ್ರತ್ಯೇಕವಾಗಿ ಇಟ್ಟಿತು. ಎರಡನೆಯದೇ ಸರಿಯೆಂದು ನನಗನ್ನಿಸುತ್ತದೆ. ಈಟಿ ಹಿಡಿದದ್ದು ಸೈನಿಕನಾಗಬಹುದು, ಬೆಂಕಿಯಾಗಲಾರದು.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಪ್ರಕಟವಾದದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅದರ ಕರ್ತೃಗಳು. ಆ ಮೊದಲ ಪುಟ್ಟ ಪುಸ್ತಿಕೆಗಳಲ್ಲೇ ನಾಲ್ಕು ಭೂತಗಳೂ ಇವೆ. ಅವುಗಳ ಬಲವನ್ನು ನಿರ್ಧರಿಸಿದ್ದು ಅವು ಬಂದ ದಾರಿ: ಮಂತ್ರದಂಡದಿಂದ ಹೊರಟದ್ದಕ್ಕೆ 8 ಹಿಟ್ ಡೈಸ್ (ಹಿಟ್ ಪಾಯಿಂಟುಗಳನ್ನು ನಿರ್ಧರಿಸಲು ಎಸೆಯುವ ದಾಳಗಳು), ಮಾಯಾವಸ್ತುವಿನಿಂದ ಬಂದದ್ದಕ್ಕೆ 12, ಮಾಂತ್ರಿಕ ತಾನೇ ಮಂತ್ರ ಹೇಳಿ ಕರೆದದ್ದಕ್ಕೆ 16. ಅಂದರೆ ಭೂತದ ಬಲ ಅದರ ಸ್ವಂತದ್ದಲ್ಲ, ಕರೆದವನೊಂದಿಗೆ ಅದಕ್ಕಿರುವ ಸಂಬಂಧದ ಅಳತೆ. ಕರೆದವನ ಏಕಾಗ್ರತೆ ಮುರಿದರೆ ಭೂತ ಅವನ ಮೇಲೆಯೇ ತಿರುಗಿ ಬೀಳುತ್ತದೆ ಎಂಬ ನಿಯಮವೂ ಆಗಲೇ ಇತ್ತು. 1970ರ ದಶಕದ ಕೊನೆಯ ಹೊತ್ತಿಗೆ ಬಂದ ವಿಸ್ತೃತ ನಿಯಮಗಳಲ್ಲಿ ಇದು ಇನ್ನೂ ಬಿಗಿಯಾಯಿತು: ಏಕಾಗ್ರತೆ ಎಷ್ಟೇ ಗಟ್ಟಿಯಿದ್ದರೂ ಪ್ರತಿ ಸುತ್ತಿನಲ್ಲಿ ಭೂತ ತಿರುಗಿಬೀಳುವ ಸಾಧ್ಯತೆ ನೂರಕ್ಕೆ 5. ಇಪ್ಪತ್ತು ಮುಖದ ದಾಳದಲ್ಲಿ ಒಂದು ಮುಖ. ಕಡಿಮೆಯೆನಿಸುತ್ತದೆ, ಆದರೆ ಹದಿನಾಲ್ಕು ಸುತ್ತು ಕಳೆಯುವಷ್ಟರಲ್ಲಿ ಅದು ಒಮ್ಮೆಯಾದರೂ ತಿರುಗಿಬಿದ್ದಿರುವ ಸಂಭವ ಅರ್ಧವನ್ನು ದಾಟಿರುತ್ತದೆ. ಬೆಂಕಿಯನ್ನು ಸಾಕಿಕೊಳ್ಳಲು ಹೊರಟವನಿಗೆ ಇದಕ್ಕಿಂತ ನ್ಯಾಯವಾದ ನಿಯಮವನ್ನು ನಾನು ಕಂಡಿಲ್ಲ.

2000ದಲ್ಲಿ ಬಂದ ಮೂರನೆಯ ಆವೃತ್ತಿ ಅಗ್ನಿಭೂತವನ್ನು ಗಾತ್ರದ ಪ್ರಕಾರ ಆರು ಹಂತಗಳಾಗಿ ವಿಂಗಡಿಸಿತು; ಚಿಕ್ಕದಕ್ಕೆ 2 ಹಿಟ್ ಡೈಸ್, ಹಿರಿಯದಕ್ಕೆ 24. ಕಪಾಟಿನಲ್ಲಿ ಸಾಲಾಗಿ ಜೋಡಿಸಿದ ಡಬ್ಬಿಗಳಂತೆ ಕಾಣುವ ಈ ವಿಂಗಡಣೆ ನನಗೆ ಪ್ರಿಯವಲ್ಲ. ಆದರೆ ಅದೇ ಆವೃತ್ತಿಯ ಒಂದು ನಿಯಮವನ್ನು ನಾನು ಇಂದಿಗೂ ಬಳಸುತ್ತೇನೆ: ಅಗ್ನಿಭೂತವು ನೀರಿಗಾಗಲಿ, ಉರಿಯದ ಬೇರೆ ಯಾವ ದ್ರವಕ್ಕಾಗಲಿ ಇಳಿಯಲಾರದು, ಹಾರಿ ದಾಟಲಾಗದಷ್ಟು ಅಗಲದ ನೀರು ಅದಕ್ಕೆ ಗೋಡೆಯಿದ್ದಂತೆ. ಒಂದು ಕಾಲುವೆ ಅಷ್ಟರಿಂದಲೇ ಕೋಟೆಯಾಗಿಬಿಡುತ್ತದೆ.

ಈಗ 2014ರ ಐದನೆಯ ಆವೃತ್ತಿಯ ಪುಟಕ್ಕೆ ಬರೋಣ. ಬಹಳ ಮಂದಿ ಆಡಿರುವುದು ಇದನ್ನೇ ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಎದುರಾಳಿಯ ಕಠಿಣತೆಯನ್ನು ಹೇಳುವ ಸವಾಲಿನ ಮಟ್ಟ 5, ಹಿಟ್ ಪಾಯಿಂಟುಗಳು ಸರಾಸರಿ 102, ಏಟು ತಾಗಲು ದಾಳ ಮುಟ್ಟಬೇಕಾದ ರಕ್ಷಣಾಂಕ 13, ಒಂದು ಸರದಿಯಲ್ಲಿ ಚಲಿಸುವ ವೇಗ 50 ಅಡಿ. ಪ್ರತಿ ಸರದಿಯಲ್ಲಿ ಎರಡು ಬಾರಿ ಮುಟ್ಟುತ್ತದೆ, ಪ್ರತಿ ಮುಟ್ಟಿಗೂ ಸರಾಸರಿ 10 ಹಾನಿ. ಆಟ ನಡೆಸುವವರ ಕಣ್ಣು ಸಾಮಾನ್ಯವಾಗಿ ಈ ಕೊನೆಯ ಸಾಲಿಗೆ ನೇರವಾಗಿ ಜಾರುತ್ತದೆ, ಮತ್ತು ಅಲ್ಲಿಗೆ ಅಗ್ನಿಭೂತ ಕೆಂಪು ದೈತ್ಯನಾಗಿಬಿಡುತ್ತದೆ. ಅದಕ್ಕಿಂತ ಮೇಲಿರುವ ಸಾಲುಗಳೇ ನಿಜವಾದ ಜೀವಿ.

ಅದು ಒಂದು ಅಂಗುಲದ ಸಂದಿಯಲ್ಲಿ ತೂರಿ ಹೋಗಬಲ್ಲದು. ಶತ್ರು ನಿಂತಿರುವ ಜಾಗದೊಳಕ್ಕೇ ಹೊಕ್ಕು ಅಲ್ಲಿಯೇ ನಿಲ್ಲಬಲ್ಲದು. ಹಾಗೆ ಹೊಕ್ಕಾಗ ಆ ವ್ಯಕ್ತಿಗೆ ಹತ್ತು ಮುಖದ ಒಂದು ದಾಳದಷ್ಟು ಹಾನಿಯಾಗುತ್ತದೆ, ಜೊತೆಗೆ ಅವನಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಯಾರಾದರೂ ಒಂದು ಕ್ರಿಯೆಯನ್ನು, ಎಂದರೆ ತಮ್ಮ ಸರದಿಯ ಮುಖ್ಯ ಕೆಲಸವನ್ನು, ವ್ಯಯಿಸಿ ಆ ಬೆಂಕಿಯನ್ನು ಆರಿಸುವ ತನಕ, ಅವನ ಪ್ರತಿ ಸರದಿಯ ಆರಂಭದಲ್ಲೂ ಮತ್ತೆ ಅಷ್ಟೇ ಹಾನಿ. ಇದನ್ನು 50 ಅಡಿಯ ವೇಗದೊಂದಿಗೆ ಸೇರಿಸಿ ಓದಿ. ಎದುರಾಳಿಯ ಜಾಗದ ಮೂಲಕ ನಡೆಯಲು ಎರಡರಷ್ಟು ಹೆಜ್ಜೆ ಬೇಕು ಎಂಬ ನಿಯಮವನ್ನು ಲೆಕ್ಕಕ್ಕೆ ಹಿಡಿದರೂ, ಸಾಲಾಗಿ ನಿಂತ ನಾಲ್ವರು ಸಾಹಸಿಗಳ ನಡುವಿನಿಂದ ಅದು ಒಂದೇ ಸರದಿಯಲ್ಲಿ ಹಾದುಹೋಗಬಹುದು. ಒಮ್ಮೆಯೂ ಕೈ ಎತ್ತದೆ ಅದು ನಾಲ್ವರಿಗೂ ಬೆಂಕಿ ಹಚ್ಚಿ ಮುಂದಕ್ಕೆ ಹೋಗಿರುತ್ತದೆ. ಆ ಬೆಂಕಿಯನ್ನು ಆರಿಸಬೇಕೆಂದರೆ ನಾಲ್ಕು ಕ್ರಿಯೆಗಳು ಬೇಕು, ಅಂದರೆ ಇಡೀ ತಂಡದ ಒಂದು ಸುತ್ತು. ಆರಿಸದೆ ಹೋರಾಡುತ್ತೇವೆಂದರೆ ಪ್ರತಿಯೊಬ್ಬರೂ ಸುತ್ತಿಗೆ ಐದೂವರೆಯಷ್ಟು ಸುಡುತ್ತಿರಬೇಕು. ಅಗ್ನಿಭೂತ ಕಿತ್ತುಕೊಳ್ಳುವುದು ನಮ್ಮ ಸರದಿಗಳನ್ನು. ನಿಜವಾದ ಬೆಂಕಿಯೂ ಮನುಷ್ಯರಿಗೆ ಮಾಡುವುದು ಇದನ್ನೇ: ಮಾಡಬೇಕಾದ ಕೆಲಸವನ್ನೆಲ್ಲ ಕೈಬಿಟ್ಟು ಅದರ ಹಿಂದೆ ಓಡುವಂತೆ ಮಾಡುತ್ತದೆ.

ಕತ್ತಿ ಹಿಡಿದವನ ಪಾಡು ಇನ್ನೂ ಸ್ವಾರಸ್ಯಕರ. ಮಾಯಾಶಕ್ತಿಯಿಲ್ಲದ ಆಯುಧದ ಹೊಡೆತ ಅಗ್ನಿಭೂತಕ್ಕೆ ಅರ್ಧದಷ್ಟೇ ತಾಗುತ್ತದೆ. ಎಂಟು ಮುಖದ ದಾಳ ಮತ್ತು ಬಲದ 4 ಸೇರಿದರೆ ಒಂದು ಏಟಿನ ಸರಾಸರಿ ಎಂಟೂವರೆ, ಅದರ ಅರ್ಧ ನಾಲ್ಕು ಚಿಲ್ಲರೆ. ಆದರೆ ಐದು ಅಡಿಯೊಳಗೆ ನಿಂತು ಅದನ್ನು ಹೊಡೆದವನಿಗೆ ಪ್ರತಿ ತಾಗಿದ ಏಟಿಗೂ ಹತ್ತು ಮುಖದ ಒಂದು ದಾಳ, ಸರಾಸರಿ ಐದೂವರೆ, ಮರಳಿ ಬಡಿಯುತ್ತದೆ. ನಾಲ್ಕು ಕೊಟ್ಟು ಐದೂವರೆ ಪಡೆಯುವ ವ್ಯಾಪಾರವಿದು. ಏಟು ಹೆಚ್ಚಿದಷ್ಟೂ ನಷ್ಟ ಹೆಚ್ಚು. ಹತ್ತು ಅಡಿ ದೂರಕ್ಕೆ ತಲುಪುವ ಆಯುಧ ಇರುವವನು ಮಾತ್ರ ದೂರ ನಿಂತು ಸುಡದೆ ಉಳಿಯುತ್ತಾನೆ. ಬೆಂಕಿಯನ್ನು ಕೆದಕಲು ಉದ್ದನೆಯ ಕೋಲೇ ಬೇಕು ಎಂಬುದು ಒಲೆಯ ಮುಂದೆ ಕುಳಿತ ಯಾರಿಗಾದರೂ ಗೊತ್ತು. ಆಟಗಾರರು ತಾವಾಗಿಯೇ ಇದನ್ನು ಕಂಡುಕೊಂಡು, ಕತ್ತಿಯನ್ನು ಒರೆಗೆ ಸೇರಿಸಿ ಸುತ್ತಮುತ್ತ ಏನಿದೆ ಎಂದು ಕೇಳತೊಡಗಿದ ಕ್ಷಣದಿಂದ ಒಳ್ಳೆಯ ಆಟ ಆರಂಭವಾಗುತ್ತದೆ.

ಸುತ್ತಮುತ್ತ ಹುಡುಕಬೇಕಾದದ್ದು ನೀರನ್ನು. ಈ ನಿಯಮ ಒಂದೇ ಸಾಲಿನದು: ಮೈಮೇಲೆ ಬಿದ್ದ ಪ್ರತಿ ಗ್ಯಾಲನ್ ನೀರಿಗೂ, ನೀರಿನಲ್ಲಿ ಚಲಿಸಿದ ಪ್ರತಿ ಐದು ಅಡಿಗೂ ಅಗ್ನಿಭೂತಕ್ಕೆ ಶೀತದ 1 ಹಾನಿ. ಒಂದು ಎಂಬ ಅಂಕೆ ನೋಡಿ ಬಹಳ ಮಂದಿ ಇದನ್ನು ಅಲಂಕಾರವೆಂದು ಭಾವಿಸಿ ದಾಟಿಹೋಗುತ್ತಾರೆ. ಈ ಹಾನಿಗೆ ದಾಳ ಎಸೆಯಬೇಕಿಲ್ಲ ಮತ್ತು ಇದನ್ನು ತಡೆಯುವ ಶಕ್ತಿ ಅದಕ್ಕೆ ಇಲ್ಲ ಎಂಬುದನ್ನು ಗಮನಿಸಿದರೆ ಲೆಕ್ಕವೇ ಬದಲಾಗುತ್ತದೆ. 102 ಹಿಟ್ ಪಾಯಿಂಟೆಂದರೆ 102 ಗ್ಯಾಲನ್, ಅಂದರೆ ಸುಮಾರು 386 ಲೀಟರ್. ನಿಯಮಪುಸ್ತಕದ ಸಾಮಾನುಗಳ ಪಟ್ಟಿಯಲ್ಲಿ ಬಕೆಟ್ಟಿಗೆ 3 ಗ್ಯಾಲನ್ ಹಿಡಿಯುತ್ತದೆ, ಆದ್ದರಿಂದ 34 ಬಕೆಟ್. ಸಾಲಾಗಿ ನಿಂತು ಕೈಯಿಂದ ಕೈಗೆ ಬಕೆಟ್ ದಾಟಿಸುವ ಊರಿನ ಜನ, ಒಬ್ಬನೇ ಒಬ್ಬ ವೀರನೂ ಇಲ್ಲದೆ, ಸವಾಲಿನ ಮಟ್ಟ 5ರ ಜೀವಿಯನ್ನು ಆರಿಸಬಲ್ಲರು. ಅದೇ ಪಟ್ಟಿಯ ಪೀಪಾಯಿಗೆ 40 ಗ್ಯಾಲನ್. ಮೇಲಿನ ಅಟ್ಟದಿಂದ ಮೂರು ಪೀಪಾಯಿಗಳನ್ನು ಸರಿಯಾದ ಗಳಿಗೆಯಲ್ಲಿ ಅದರ ನೆತ್ತಿಯ ಮೇಲೆ ಬೋರಲು ಹಾಕಿದರೆ 120, ಅಲ್ಲಿಗೆ ಮುಗಿಯಿತು. ಎಂದೂ ಬತ್ತದ ನೀರಿನ ಹೂಜಿ ಎಂಬ ಮಾಯಾವಸ್ತು ಒಮ್ಮೆಗೆ 30 ಗ್ಯಾಲನ್ ಚಿಮ್ಮಿಸುತ್ತದೆ, ನಾಲ್ಕು ಬಾರಿ ಸಾಕು. ಹತ್ತಾರು ಸಲ ಕತ್ತಿ ಬೀಸಿ, ಮೈಯೆಲ್ಲ ಸುಟ್ಟುಕೊಂಡು ಸಾಧಿಸುವುದನ್ನು ಮೂರು ಪೀಪಾಯಿಗಳು ಒಂದು ಉಸಿರಿನಲ್ಲಿ ಸಾಧಿಸುತ್ತವೆ.

ಆದರೆ ಆ ಪೀಪಾಯಿಗಳು ಅಲ್ಲಿ ಇರಬೇಕು. ಬೆಂಕಿ ಬಿದ್ದಾಗ ಬಾವಿ ತೋಡಲು ಹೊರಟವರ ಗಾದೆಯನ್ನು ಆಟ ನಡೆಸುವವರು ಮೊದಲು ತಮಗೇ ಹೇಳಿಕೊಳ್ಳಬೇಕು. ಅಗ್ನಿಭೂತ ಬರುವ ಜಾಗವನ್ನು ಬರೆಯುವಾಗ, ಅಲ್ಲಿ ಏನೇನು ಉರಿಯುತ್ತದೆ, ನೀರು ಎಲ್ಲಿದೆ, ಅದನ್ನು ತಲುಪಲು ಎಷ್ಟು ಹೆಜ್ಜೆ ಬೇಕು ಎಂಬುದನ್ನು ನಾನು ಈಗ ಭೂತದ ಅಂಕೆಗಳಿಗಿಂತ ಮೊದಲು ಬರೆದಿಟ್ಟುಕೊಳ್ಳುತ್ತೇನೆ.

ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಮರದ ಎರಡು ಅಂತಸ್ತಿನ ಹಳೆಯ ದಾಖಲೆಗಳ ಮನೆ. ಗೋಡೆಯುದ್ದಕ್ಕೂ ಸುರುಳಿ ಕಾಗದಗಳ ಗೂಡುಗಳು, ಮಾಳಿಗೆಯ ಮೇಲೆ ಮಳೆನೀರಿನ ತೊಟ್ಟಿ. ಆಟಗಾರರಿಗೆ ಬೇಕಾಗಿರುವುದು ಆ ಸುರುಳಿಗಳ ನಡುವೆ ಎಲ್ಲೋ ಇರುವ ಒಂದು ಹಳೆಯ ಒಪ್ಪಂದ. ರಾತ್ರಿ, ಬಾಗಿಲು ಮುಚ್ಚಿದೆ. ಅಗ್ನಿಭೂತ ತನ್ನ ಸುತ್ತ 30 ಅಡಿ ಪ್ರಖರವಾಗಿಯೂ ಅದರಾಚೆ ಮತ್ತೆ 30 ಅಡಿ ಮಂದವಾಗಿಯೂ ಬೆಳಕು ಚೆಲ್ಲುತ್ತದೆ ಎಂದು ನಿಯಮವಿದೆ. ಅಂದರೆ ಅದಕ್ಕೆ ಅಡಗಿಕೊಳ್ಳುವುದು ಸಾಧ್ಯವಿಲ್ಲ. ಇದು ಅದರ ದೌರ್ಬಲ್ಯವೆಂದು ತೋರುತ್ತದೆ, ಆದರೆ ಕಥೆ ಹೇಳುವವನಿಗೆ ಇದೊಂದು ವರ. ಮೊದಲು ಬಾಗಿಲಿನ ಅಡಿಯ ಸಂದಿಯಲ್ಲಿ ಒಂದು ಕಿತ್ತಳೆ ಗೆರೆ ಕಾಣಿಸಿತು ಎಂದಷ್ಟೇ ಹೇಳಿದೆ. ಅನಂತರ ಆ ಗೆರೆ ದಪ್ಪವಾಯಿತು. ಅನಂತರ ಅದು ಒಳಗೆ ಬಂತು.

ಮೊದಲ ಸುತ್ತಿನಲ್ಲಿ ಅದು ಯಾರನ್ನೂ ಮುಟ್ಟಲಿಲ್ಲ, ಗೂಡುಗಳನ್ನು ಮುಟ್ಟಿತು. ಉರಿಯಬಲ್ಲ ವಸ್ತುವನ್ನು ಮುಟ್ಟಿದರೆ ಅದು ಹತ್ತಿಕೊಳ್ಳುತ್ತದೆ ಎಂಬ ನಿಯಮವನ್ನು ಹೆಚ್ಚಿನವರು ಮರೆತೇಬಿಡುತ್ತಾರೆ. ಆ ಗಳಿಗೆಯಿಂದ ಆಟಗಾರರ ಮುಂದೆ ಏಕಕಾಲಕ್ಕೆ ಮೂರು ತಕ್ಕಡಿಗಳು ತೂಗತೊಡಗಿದವು. ತೊಟ್ಟಿಯನ್ನು ಒಡೆದರೆ ಭೂತ ಆರುತ್ತದೆ, ಆದರೆ ಸುರುಳಿಗಳ ಶಾಯಿ ಕದಡಿಹೋಗುತ್ತದೆ. ಸುರುಳಿಗಳನ್ನು ಹೊರಗೆ ಸಾಗಿಸಿದರೆ ಒಪ್ಪಂದ ಉಳಿಯಬಹುದು, ಆದರೆ ಮಹಡಿಯಲ್ಲಿ ಮಲಗಿರುವ ಮುದುಕ ಲಿಪಿಕಾರನ ಗತಿಯೇನು? ಕತ್ತಿ ಹಿರಿದರೆ ಮೂರೂ ಹೋದವು. ಅಂದು ನಮ್ಮ ಮೇಜಿನಲ್ಲಿ ಯಾರೂ ಕೊಠಡಿಯ ನಕ್ಷೆಯಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಅವರು ಲಿಪಿಕಾರನನ್ನು ಕಿಟಕಿಯಿಂದ ಇಳಿಸಿ, ಎರಡು ತೋಳಿನ ತುಂಬ ಸಿಕ್ಕಷ್ಟು ಸುರುಳಿಗಳನ್ನು ಬಾಚಿಕೊಂಡು, ತೊಟ್ಟಿಯ ಬುಡಕ್ಕೆ ಕೊಡಲಿ ಹಾಕಿದರು. ಒಪ್ಪಂದ ಆ ಸುರುಳಿಗಳಲ್ಲಿ ಇತ್ತೇ ಎಂಬುದಕ್ಕೆ ದಾಳ ಎಸೆದೆವು. ಇರಲಿಲ್ಲ.

ಈ ಸಂದರ್ಭದಲ್ಲಿ ನಿಯಮಪುಸ್ತಕದ ಬಗ್ಗೆ ನನ್ನದೊಂದು ದೂರು ಇದೆ. ಅಗ್ನಿಭೂತದ ನಿಯಮಗಳಲ್ಲಿ ಹೊಗೆಗೆ ಯಾವ ಪರಿಣಾಮವನ್ನೂ ಹೇಳಿಲ್ಲ. ನಿಜವಾದ ಬೆಂಕಿಯಲ್ಲಿ ಉರಿಗಿಂತ ಮೊದಲು ಆಳನ್ನು ಕೆಡಹುವುದು ಹೊಗೆ. ಆದ್ದರಿಂದ ಎರಡನೆಯ ಸುತ್ತಿನಿಂದ ಚಾವಣಿಯ ಕೆಳಗಿನ ಐದು ಅಡಿ, ನಾಲ್ಕನೆಯ ಸುತ್ತಿನಿಂದ ಇಡೀ ಕೊಠಡಿ ಹೊಗೆಯಿಂದ ಮುಚ್ಚಿದೆ ಎಂದು ನಾನೇ ಸೇರಿಸಿಕೊಳ್ಳುತ್ತೇನೆ. ತೆವಳಿಕೊಂಡು ಹೋಗುವವರಿಗೆ ಮಾತ್ರ ಕಣ್ಣು ಕಾಣುತ್ತದೆ. ನೀರು ಸುರಿದಾಗ ಏಳುವ ಹಬೆಯೂ ಹಾಗೆಯೇ. ನೀರು ಹಬೆಯಾದಾಗ ಅದರ ಗಾತ್ರ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಒಂದು ಪೀಪಾಯಿ ನೀರಿನ ಅಲ್ಪಭಾಗವೇ ಕೊಠಡಿಯನ್ನು ಬಿಳಿ ಗೋಡೆಯಾಗಿಸಲು ಸಾಕು. ಅದರೊಳಗೆ ಕಿತ್ತಳೆ ಬಣ್ಣದ ಏನೋ ಇನ್ನೂ ಅಲುಗುತ್ತಿದೆಯೇ ಎಂದು ಆಟಗಾರರು ಕೇಳುತ್ತಾರೆ. ಉತ್ತರಿಸುವ ಮುನ್ನ ನಾನು ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಬಾಗಿಲು ಕಿಟಕಿಗಳನ್ನೆಲ್ಲ ಮುಚ್ಚಿ ಗಾಳಿ ಸಿಗದಂತೆ ಮಾಡಿದರೆ ಭೂತ ಆರುವುದಿಲ್ಲವೇ ಎಂದು ಜಾಣ ಆಟಗಾರರು ಕೇಳುವುದುಂಟು. ಉರಿಯಲು ಇಂಧನ, ಆಮ್ಲಜನಕ, ಕಾವು ಮೂರೂ ಬೇಕು ಎಂಬ ಪಾಠವನ್ನು ನೆನಪಿಟ್ಟವರ ಪ್ರಶ್ನೆ ಇದು. ಆದರೆ ಐದನೆಯ ಆವೃತ್ತಿಯ ಪ್ರಕಾರ ಭೂತಗಳಿಗೆ ಗಾಳಿ, ಅನ್ನ, ನೀರು, ನಿದ್ದೆ ಯಾವುದೂ ಬೇಕಿಲ್ಲ. ಹಾಗೆಂದು ಒಳ್ಳೆಯ ಉಪಾಯವನ್ನು ತಳ್ಳಿಹಾಕಲು ಮನಸ್ಸು ಬರುವುದಿಲ್ಲ. ನಾನು ಕಂಡುಕೊಂಡ ದಾರಿ ಎಂದರೆ ಬೆಂಕಿಯನ್ನು ಎರಡಾಗಿ ಎಣಿಸುವುದು. ಭೂತದ ಮೈಯಾಗಿರುವ ಬೆಂಕಿ ಬೇರೆ, ಅದು ಹಚ್ಚಿದ ಬೆಂಕಿ ಬೇರೆ. ಮೊದಲನೆಯದಕ್ಕೆ ಇಂಧನ ಬೇಡ, ಗಾಳಿ ಬೇಡ. ಎರಡನೆಯದು ನಮ್ಮ ಲೋಕದ ಸಾಮಾನ್ಯ ಬೆಂಕಿ, ಅದಕ್ಕೆ ಎಲ್ಲವೂ ಬೇಕು. ಕೊಠಡಿಯನ್ನು ಮುಚ್ಚಿದರೆ ಗೂಡುಗಳ ಉರಿ ಕುಗ್ಗಿ ಆರುತ್ತದೆ, ಕತ್ತಲೆಯಲ್ಲಿ ಭೂತವೊಂದೇ ಉಳಿಯುತ್ತದೆ. ಸುರುಳಿಗಳು ಉಳಿದವು ಎಂದು ಆಟಗಾರರಿಗೆ ಸಮಾಧಾನ, ಒಳಗೆ ಸಿಕ್ಕಿಬಿದ್ದವನಿಗೆ ಮಾತ್ರ ಸಮಾಧಾನವಿಲ್ಲ.

ಈ ಜೀವಿಗೆ ಬುದ್ಧಿ ಇದೆಯೇ? ಇದೆ, ಮತ್ತು ನಾವು ಅಂದುಕೊಂಡಷ್ಟು ಕಡಿಮೆಯೇನಲ್ಲ. ಅದರ ಬುದ್ಧಿಯ ಅಂಕ 6. ಅದೇ ಪುಸ್ತಕದಲ್ಲಿ ತೋಳಕ್ಕೆ 3, ಮಾತಾಡಬಲ್ಲ ಓಗರ್ ಎಂಬ ದೈತ್ಯನಿಗೆ 5. ಇಗ್ನನ್ ಎಂಬ ಬೆಂಕಿಯ ನುಡಿ ಅದಕ್ಕೆ ಗೊತ್ತು. ಅದು ಪ್ರೈಮಾರ್ಡಿಯಲ್ ಎಂಬ ಆದಿಭಾಷೆಯ ಒಂದು ಉಪಭಾಷೆ, ಮತ್ತು ಒಂದು ಉಪಭಾಷೆ ಬಲ್ಲವರು ಮತ್ತೊಂದನ್ನು ಆಡುವವರೊಂದಿಗೆ ವ್ಯವಹರಿಸಬಲ್ಲರು ಎಂದು ನಿಯಮ ಹೇಳುತ್ತದೆ. ಅಂದರೆ ಬೆಂಕಿಯ ಭೂತವೂ ನೀರಿನ ಭೂತವೂ ಪರಸ್ಪರ ಮಾತಾಡಿಕೊಳ್ಳಬಹುದು. ಏನು ಮಾತಾಡಿಕೊಳ್ಳುತ್ತವೆ ಎಂದು ಊಹಿಸುತ್ತಾ ನಾನು ಎಷ್ಟೋ ಸಂಜೆಗಳನ್ನು ಕಳೆದಿದ್ದೇನೆ. ನನ್ನ ಮೇಜಿನಲ್ಲಿ ಅಗ್ನಿಭೂತಕ್ಕೆ ವರ್ತಮಾನ ಕಾಲವೊಂದೇ ಗೊತ್ತು. ಇದು ನನ್ನ ಸೇರ್ಪಡೆ, ಪುಸ್ತಕದ್ದಲ್ಲ. ನಿನ್ನೆ, ನಾಳೆ ಎಂದರೆ ಅದಕ್ಕೆ ತಿಳಿಯುವುದಿಲ್ಲ. 'ನಾಳೆ ನಿನ್ನನ್ನು ಬಿಡುಗಡೆ ಮಾಡುತ್ತೇವೆ' ಎಂಬ ಆಮಿಷಕ್ಕೆ ಅದು ಬಗ್ಗದು. 'ಅಲ್ಲಿ ಒಣಗಿದ ಕಟ್ಟಿಗೆ ಇದೆ' ಎಂದರೆ ಕೂಡಲೇ ತಿರುಗುತ್ತದೆ.

ಕರೆಸುವ ಮಂತ್ರದ ವಿಷಯಕ್ಕೆ ಮರಳಿ ಬರುತ್ತೇನೆ. 2014ರ ನಿಯಮದಲ್ಲಿ ಇದು ಐದನೆಯ ಹಂತದ ಮಂತ್ರ. ಹತ್ತು ಅಡಿ ಉದ್ದಗಲ ಎತ್ತರದ ಬೆಂಕಿ ಮೊದಲೇ ಇರಬೇಕು, ಗಂಧಕ ಮತ್ತು ರಂಜಕ ಬೇಕು, ಒಂದು ನಿಮಿಷ ಹೇಳಬೇಕು. ಬಂದ ಭೂತ ಒಂದು ಗಂಟೆ ಇರುತ್ತದೆ. ಏಕಾಗ್ರತೆ ಮುರಿದರೆ ಅದು ಮಾಯವಾಗುವುದಿಲ್ಲ. ಹಿಡಿತ ತಪ್ಪಿ, ಶತ್ರುವಾಗಿ, ಕರೆದ ಹೊತ್ತಿನಿಂದ ಒಂದು ಗಂಟೆ ತುಂಬುವ ತನಕ ಇರುತ್ತದೆ, ಮತ್ತು ಕರೆದವನೇ ಅದನ್ನು ವಾಪಸು ಕಳುಹಿಸಲಾರ. ಒಂದು ಸುತ್ತಿಗೆ 6 ಸೆಕೆಂಡಿನಂತೆ ಒಂದು ಗಂಟೆಗೆ 600 ಸುತ್ತುಗಳು. 1974ರ ಆ ಹಳೆಯ ಭಯ ಇಲ್ಲಿ ಇನ್ನೂ ಜೀವಂತವಾಗಿದೆ. 2020ರಲ್ಲಿ ಬಂದ ಬದಲಿ ಮಂತ್ರದಲ್ಲಿ ಏಕಾಗ್ರತೆ ಮುರಿದ ಕೂಡಲೇ ಭೂತ ಸದ್ದಿಲ್ಲದೆ ಹೊರಟುಹೋಗುತ್ತದೆ. 2024ರ ಪರಿಷ್ಕರಣೆಯಲ್ಲಂತೂ ಹಳೆಯ ಮಂತ್ರವೇ ಬದಲಾಗಿ, ಮುಟ್ಟಲಾಗದ ಒಂದು ಚೇತನವನ್ನು ಮಾತ್ರ ಮೂಡಿಸುತ್ತದೆ. ಆಟ ಸರಾಗವಾಗಲಿ ಎಂಬ ಉದ್ದೇಶ ಅರ್ಥವಾಗುತ್ತದೆ. ಮೇಜಿನ ಮೇಲೆ ಹೆಚ್ಚುವರಿ ಜೀವಿಗಳು ತುಂಬಿದಾಗ ಎಲ್ಲರ ಸರದಿಯೂ ತಡವಾಗುವುದನ್ನು ನಾನೂ ಸಹಿಸಿದ್ದೇನೆ. ಆದರೂ ಕರೆದವನ ಕೈ ಸುಡದ ಬೆಂಕಿಯಲ್ಲಿ ನನಗೆ ಆಸಕ್ತಿ ಕಡಿಮೆ.

ಬೆಂಕಿಯ ಬಳಗದ ಇತರರ ಬಗ್ಗೆ ಒಂದೆರಡು ಮಾತು ಸಾಕು. ಸತ್ತಾಗ ಸಿಡಿಯುವ ಪುಟ್ಟ ಮ್ಯಾಗ್ಮಿನ್‌ಗಳು ಹೊಸ ಆಟಗಾರರಿಗೆ ಒಳ್ಳೆಯ ಮೊದಲ ಪಾಠ. ಹಿತ್ತಾಳೆಯ ನಗರದ ಇಫ್ರೀತ್‌ಗಳು ಸಂಚು ಹೂಡುವ ಪ್ರಭುಗಳು, ಅವರೊಂದಿಗೆ ನಡೆಯುವುದು ರಾಜಕೀಯ. ಸವಾಲಿನ ಮಟ್ಟ 19ರ ಇಮಿಕ್ಸ್ ದುಷ್ಟಾಗ್ನಿಯ ರಾಜಕುಮಾರ. ಅವನನ್ನು ಪೀಪಾಯಿಗಳಿಂದ ಆರಿಸಲು ಹೊರಡಬೇಡಿ. ಪಾತ್‌ಫೈಂಡರ್ ಆಟದ ಎರಡನೆಯ ಆವೃತ್ತಿ ಮಾತ್ರ ವಿಶೇಷ ಗಮನಕ್ಕೆ ಅರ್ಹ: ಅಲ್ಲಿ ಅಗ್ನಿಭೂತಗಳು ಮನುಷ್ಯಾಕಾರವನ್ನು ಬಿಟ್ಟು, 3ನೆಯ ಮಟ್ಟದಲ್ಲಿ ಕೆಂಡದ ಇಲಿಯಾಗಿ, 5ರಲ್ಲಿ ಜೀವಂತ ಕಾಳ್ಗಿಚ್ಚಾಗಿ, 9ರಲ್ಲಿ ಉರಿಸರ್ಪವಾಗಿ ಬರುತ್ತವೆ. ಗೋಡೆಯ ಬಿಲದಿಂದ ಹೊರಬಂದು ಹುಲ್ಲಿನ ಬಣವೆಯತ್ತ ಓಡುವ ಕೆಂಡದ ಇಲಿಯೊಂದು ತೋಳು ಬೀಸುವ ಹತ್ತು ದೈತ್ಯರಿಗಿಂತ ಹೆಚ್ಚು ಬೆಂಕಿಯಂತಿದೆ.

ಮಾತು ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲಿ ದಾಖಲಿಸುತ್ತೇನೆ. ತನ್ನ ಮಾಂತ್ರಿಕನ ಬಳಿ ಇರುವುದೆಲ್ಲ ಬೆಂಕಿಯ ಮಂತ್ರಗಳೇ, ಅಗ್ನಿಭೂತಕ್ಕೆ ಬೆಂಕಿ ತಾಗುವುದೇ ಇಲ್ಲ, ಹಾಗಾದರೆ ತಾನು ಸುಮ್ಮನೆ ಕೂರಬೇಕೇ ಎಂದು ಒಬ್ಬರು ಕೇಳಿದರು. ಕೊಠಡಿಯ ಇನ್ನೊಂದು ಬದಿಯಲ್ಲಿ ಮಂತ್ರದಿಂದ ಬೆಂಕಿ ಹಚ್ಚಿ, ಭೂತ ಅತ್ತ ತಿರುಗುತ್ತದೆಯೇ ಎಂದು ಆಟ ನಡೆಸುವವರನ್ನು ಕೇಳಿ ಎಂದು ಹೇಳಿದೆ. ಕಾಳ್ಗಿಚ್ಚಿನ ಮುಂದೆ ಎದುರುಬೆಂಕಿ ಹಾಕಿ ಇಂಧನವನ್ನು ಮೊದಲೇ ಮುಗಿಸುವುದು ನಿಜವಾಗಿಯೂ ಬಳಕೆಯಲ್ಲಿರುವ ವಿಧಾನ. ಆ ಮಾಂತ್ರಿಕ ಅಂದಿನ ಆಟದ ಅತ್ಯಂತ ಉಪಯುಕ್ತ ವ್ಯಕ್ತಿಯಾಗಬಹುದು.

ಎರಡನೆಯವರು ಕೇಳಿದ್ದು, ಭೂತ ಆರಿದ ಮೇಲೆ ಏನು ಉಳಿಯುತ್ತದೆ ಎಂದು. ಅವರು ಬೂದಿಯನ್ನೋ, ಮಾಯಾಮಣಿಯನ್ನೋ ನಿರೀಕ್ಷಿಸಿದ್ದರೇನೋ. ಅದು ಹಚ್ಚಿದ ಬೆಂಕಿ ಉಳಿಯುತ್ತದೆ ಎಂದೆ. ಹಿಟ್ ಪಾಯಿಂಟು ಸೊನ್ನೆಯಾಗಿ, ಆಟಗಾರರು ಕುರ್ಚಿಗೆ ಒರಗಿ, ದಾಳಗಳನ್ನು ಚೀಲಕ್ಕೆ ತುಂಬಲು ಕೈ ಹಾಕುವ ಹೊತ್ತಿಗೆ, ನಾನು ಸುತ್ತಿನ ಲೆಕ್ಕದ ಹಾಳೆಯನ್ನು ಮಡಚದೆ, 'ಮಹಡಿಯ ಮೆಟ್ಟಿಲು ಈಗ ಹತ್ತಿಕೊಂಡಿದೆ, ಯಾರ ಸರದಿ?' ಎಂದು ಕೇಳುತ್ತೇನೆ.